ಸಂತ ಓಲಾವ್ ಚರ್ಚಿನ ಹೊರಗಿನವರು

ಮ್ಯಾಂಚೆಸ್ಟರ್, ನವೆಂಬರ್ 26, 1865, ಭಾನುವಾರ

ಇವತ್ತು ಬೆಳಗಿನ ಆರಾಧನೆಗೆ ಬಂದವರಿಂದ ಎರಡು ಬೆಂಚೂ ತುಂಬಲಿಲ್ಲ. ನಾನು ಈ ಚರ್ಚಿಗೆ ಪಾದ್ರಿಯಾಗಿ ಬಂದ ವರ್ಷ ಬಾಗಿಲಿನಿಂದ ಬೀದಿಯ ತಿರುವಿನವರೆಗೆ ಕುದುರೆ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಆ ಗಾಡಿಯವರೆಲ್ಲ ಈಗ ಹೊಗೆ ಮುಟ್ಟದ ಆಶ್‌ಫೀಲ್ಡಿನಲ್ಲಿ ತೋಟದ ಮನೆ ಕಟ್ಟಿಕೊಂಡಿದ್ದಾರೆ. ಹೋಗುವಾಗ ಸುತ್ತ ಹಲಗೆ ಕಟ್ಟಿದ ತಮ್ಮ ತಮ್ಮ ಬೆಂಚುಗಳ ಪುಟ್ಟ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನೂ ಒಯ್ದರು. ಬೆಂಚಿನ ಬಾಡಿಗೆಯನ್ನು ಮಾತ್ರ ತಪ್ಪದೆ ಕಳಿಸುತ್ತಾರೆ. ಹಾಗಾಗಿ ಖಾಲಿ ಬೆಂಚುಗಳ ಮೇಲೆ ಅವರ ಹೆಸರಿನ ಹಿತ್ತಾಳೆ ಪಟ್ಟಿಗಳು ಹೊಳೆಯುತ್ತಿರುತ್ತವೆ, ಬೇರೆ ಯಾರೂ ಕೂರುವಂತಿಲ್ಲ.

ಆರಾಧನೆ ಮುಗಿಸಿ ಹೊರಗೆ ಬಂದರೆ ಮಾರ್ಜರಿ ಆಗ್ಡನ್ ಎಂದಿನಂತೆ ಗೋರಿಗಳ ನಡುವೆ ಕೂತಿದ್ದಳು. ಹತ್ತಿ ಗಿರಣಿಯಲ್ಲಿ ನೇಯುವವಳು. ಕಾಲಿಗೆ ಮರದ ಅಟ್ಟೆಯ ಜೋಡು, ತಲೆಗೆ ಶಾಲು. ಜ್ವರದ ವರ್ಷ ನಮ್ಮ ಮಗ ಗೈಲ್ಸ್ ತೀರಿಕೊಂಡ ವಾರವೇ ಅವಳ ಏಳು ವರ್ಷದ ನ್ಯಾನ್ ಕೂಡ ತೀರಿಕೊಂಡಳು. ಇಬ್ಬರಿಗೂ ನಾನೇ ಮಣ್ಣು ಕೊಟ್ಟೆ. ಗೈಲ್ಸನ ಮೇಲೆ ಬಿಳಿ ಕಲ್ಲಿದೆ. ನ್ಯಾನ್ ಎಲ್ಲಿದ್ದಾಳೆ ಎಂಬುದು ಹುಲ್ಲಿಗೂ ಅವಳ ತಾಯಿಗೂ ಮಾತ್ರ ಗೊತ್ತು.

ಇಷ್ಟು ಚಳಿಯಲ್ಲಿ ಇಲ್ಲೇಕೆ, ಒಳಗೆ ಬರಬಾರದೇ ಎಂದು ಕೇಳಿದೆ.

“ಒಳಗೆ ಎಲ್ಲಿ ಕೂರ್ಲಿ ಅಯ್ನೋರೇ, ಬೀಗದ ಮೇಲಾ?” ಎಂದಳು. ನಾನು ಮುಖ ಸಣ್ಣದು ಮಾಡಿದ್ದನ್ನು ನೋಡಿ ಅವಳಿಗೇ ಕನಿಕರ ಬಂದಿರಬೇಕು. “ಇರ್ಲಿ ಬಿಡಿ. ಒಳಗಿರೋರ್ನ ನೀವು ನೋಡ್ಕಳಿ, ಹೊರಗಿರೋರ್ನ ನಾನು ನೋಡ್ಕತೀನಿ.”

ಈ ಊರಲ್ಲಿ ದೇವರ ಕೆಲಸವನ್ನು ಇಷ್ಟು ಸರಿಯಾಗಿ ಹಂಚಿದವರು ಬೇರೆ ಯಾರೂ ಇಲ್ಲ.

ಡಿಸೆಂಬರ್ 4

ಚರ್ಚಿನ ಬಾಗಿಲಿಗೆ ರೈಲ್ವೆ ಕಂಪನಿಯವರು ನೋಟೀಸು ಅಂಟಿಸಿದ್ದಾರೆ. ಕಾಲುವೆಯ ದಡದಿಂದ ಕಮಾನುಗಳ ಮೇಲೆ ಹೊಸ ಹಳಿ ಬರುತ್ತದಂತೆ. ಅದು ಟ್ಯಾನರ್ ಬೀದಿಯನ್ನು ಉದ್ದಕ್ಕೂ ನುಂಗಿ, ಗೋರಿಗಳ ಅಂಗಳ ದಾಟಿ, ನನ್ನ ಪ್ರಸಂಗಪೀಠ ಇರುವಲ್ಲಿ ಹಾದು ಹೋಗುತ್ತದೆ. ಪಾರ್ಲಿಮೆಂಟು ಒಪ್ಪಿದರೆ ಸಾಕು.

ಸಂಜೆ ಬೀದಿಯ ಹೆಂಗಸರು ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದರು. ಮುಂಬಾಗಿಲಿಗೆ ಬಂದು ಅಭ್ಯಾಸವಿಲ್ಲ. ಮನೆಯ ಮಾಲೀಕನಿಗೆ ಕಂಪನಿ ದುಡ್ಡು ಕೊಡುತ್ತದೆ, ಬಾಡಿಗೆಯವರಿಗೆ ಬೀದಿಯೇ ಗತಿ. ಗಿರಣಿಯ ಹತ್ತಿರ ಬೇರೆ ಕೋಣೆ ಎಲ್ಲಿ ಸಿಗಬೇಕು? ಇರುವ ನೆಲಮಾಳಿಗೆಗಳಲ್ಲೇ ಎರಡೆರಡು ಸಂಸಾರಗಳಿವೆ. ಮಾರ್ಜರಿ ಮನೆಯ ಮಾತೇ ಎತ್ತಲಿಲ್ಲ. ನ್ಯಾನಳನ್ನು ಅಗೆಯುತ್ತಾರಾ ಎಂದಷ್ಟೇ ಕೇಳಿದಳು.

ಬಿಡುವುದಿಲ್ಲ ಎಂದೆ. ನಾನೇ ಲಂಡನ್ನಿಗೆ ಹೋಗಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ನಿಲ್ಲುತ್ತೇನೆ ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ನನ್ನ ಹೆಂಡತಿ ಲವಿನಿಯಾ ಒಲೆಯ ಬಳಿ ನಿಂತು ನನ್ನನ್ನೇ ನೋಡುತ್ತಿದ್ದಳು. ಮಗಳು ಫೀಬಿಗೆ ಎರಡು ದಿನದಿಂದ ಕೆಮ್ಮು.

ಜನವರಿ 7, 1866, ಭಾನುವಾರ

ನಾನು ರೈಲ್ವೆಯ ವಿರುದ್ಧ ಮಾತಾಡುತ್ತೇನೆಂಬ ಸುದ್ದಿ ಹಬ್ಬಿ ಇವತ್ತು ಜನ ಬಂದರು. ಗಿರಣಿಯವರು, ಹೊರೆಯಾಳುಗಳು, ಚರ್ಚಿನ ಹೊಸ್ತಿಲನ್ನೇ ತುಳಿಯದವರು. ಬೆಂಚುಗಳಿಗೆಲ್ಲ ಬೀಗ. ಹಿಂದಿನ ಗೋಡೆಗೆ ಒತ್ತಿಕೊಂಡು, ನಡುವಿನ ದಾರಿಯಲ್ಲಿ, ಕಂಬಗಳ ಸುತ್ತ ನಿಂತೇ ಇದ್ದರು. ಅವರಿಗೂ ನನಗೂ ನಡುವೆ ಆ ಖಾಲಿ ಬೆಂಚುಗಳು ಕೆರೆಯ ಹಾಗೆ ಹರಡಿಕೊಂಡಿದ್ದವು. ಒಬ್ಬ ಬಸುರಿ ಕೊನೆಗೆ ನೆಲದ ಮೇಲೆ ಕೂತಳು.

ಸಭೆಯ ಹಿರಿಯರಾದ ಬ್ಯಾಂಕ್ರಾಫ್ಟ್ ಆಶ್‌ಫೀಲ್ಡಿನಿಂದ ಬಂದಿದ್ದರು. ಅವರದು ಎರಡು ಗಿರಣಿ. ರೈಲ್ವೆಯಲ್ಲಿ ಪಾಲೂ ಇದೆಯೆಂದು ಕೇಳಿದ್ದೇನೆ. ಬೆಂಚುಗಳನ್ನು ತೆರೆಸಿಕೊಡಿ ಎಂದು ಬೇಡಿಕೊಂಡೆ. ದುಡ್ಡು ಕೊಟ್ಟವರ ಜಾಗ, ನಾನು ಹೇಗೆ ತೆರೆಯಲಿ ಎಂದರು. ಬಡಗಿಯನ್ನು ಕರೆಸಿ ಬೀಗ ಒಡೆಸಿಬಿಡೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ಮುಂದಿನ ವಾರ ನೋಡೋಣ.

ಜನವರಿ 21, ಭಾನುವಾರ

ಬಂದವರು ಮತ್ತೆ ಎರಡು ಬೆಂಚಿನವರೇ. ದಿನವೆಲ್ಲ ಮಗ್ಗದ ಮುಂದೆ ನಿಲ್ಲುವವರು ಭಾನುವಾರವೂ ಎಷ್ಟು ಹೊತ್ತೆಂದು ನಿಂತಾರು?

ಫೆಬ್ರವರಿ 15

ಫೀಬಿಗೆ ಗಂಟಲು ಕಟ್ಟಿದೆ. ಉಸಿರೆಳೆದರೆ ಗರಗಸದ ಸದ್ದು. ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ಉಸಿರಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು, ಈ ಊರಿನ ಗಾಳಿ ಬಿಟ್ಟರೆ ಮಗು ಉಳಿಯುತ್ತದೆ, ಇದಕ್ಕಿಂತ ಹೆಚ್ಚಿನ ಔಷಧ ನನ್ನ ಬಳಿ ಇಲ್ಲ ಎಂದರು.

ಫೆಬ್ರವರಿ 18

ಪ್ರಾರ್ಥನೆ ಬರುತ್ತಿಲ್ಲ. ಬಾಯಿ ತೆರೆದರೆ ಆ ಗರಗಸವೇ ಕೇಳುತ್ತದೆ.

ಫೆಬ್ರವರಿ 24

ಮಗು ಎರಡು ಚಮಚ ಗಂಜಿ ಕುಡಿದಿದೆ. ಗಂಡಾಂತರ ಸದ್ಯಕ್ಕೆ ಕಳೆಯಿತು.

ಲವಿನಿಯಾ ಇವತ್ತು ಬಾಯಿಬಿಟ್ಟು ಹೇಳಿದಳು. “ಅಂಬ್ರೋಸ್, ಒಂದನ್ನ ಈ ಚರ್ಚಿನ ಅಂಗಳಕ್ಕೆ ಕೊಟ್ಟಿದೀನಿ. ಇನ್ನೊಂದನ್ನ ಕೊಡಲ್ಲ. ನೀವು ಯಾರ ಜತೆ ಬೇಕಾದ್ರೂ ನಿಂತ್ಕೊಳ್ಳಿ, ಆದ್ರೆ ಇದನ್ನ ನೆನಪಿಟ್ಕೊಳ್ಳಿ.” ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ನನ್ನೊಡನೆ ಈ ದನಿಯಲ್ಲಿ ಮಾತಾಡಿದ್ದು ಇದೇ ಮೊದಲು. ಬಾಗಿಲ ಬಳಿ ಮಾರ್ಜರಿ ಕೊಟ್ಟುಹೋದ ಒಂದು ಮೊಟ್ಟೆ ಇತ್ತು, ಮಗುವಿಗೆಂದು. ಅವಳ ಮನೆಯಲ್ಲಿ ಮೊಟ್ಟೆ ಕಂಡು ಎಷ್ಟು ದಿನವಾಗಿತ್ತೋ.

ಮೇ 1, ಲಂಡನ್

ಎಲ್ಲ ಮುಗಿಯಿತು. ಬರೆದಿಟ್ಟರೆ ತಲೆಯಿಂದ ಇಳಿದೀತೇನೋ ಎಂದು ಬರೆಯುತ್ತಿದ್ದೇನೆ.

ಸಮಿತಿಯವರು ಕುದುರೆಲಾಳದ ಆಕಾರದ ಮೇಜಿನ ಸುತ್ತ ಕೂತಿದ್ದರು. ಟ್ಯಾನರ್ ಬೀದಿಯ ಬಗ್ಗೆ, ಗೋರಿಗಳ ಬಗ್ಗೆ, ಎಂಟು ಸಾವಿರ ಬಡವರ ನಡುವೆ ನಿಂತ ದೇವರ ಮನೆಯ ಬಗ್ಗೆ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಒಬ್ಬ ಸದಸ್ಯರು ಕಣ್ಣೊರೆಸಿಕೊಂಡರು. ಆಮೇಲೆ ಕಂಪನಿಯ ವಕೀಲರು ಎದ್ದರು. ದನಿಯಲ್ಲಿ ಸ್ವಲ್ಪವೂ ಒರಟಿರಲಿಲ್ಲ.

“ಪೂಜ್ಯರೇ, ನಿಮ್ಮ ಚರ್ಚಲ್ಲಿ ಸಾವಿರ ಜನ ಕೂರ್ಬಹುದಂತೆ. ಕಳೆದ ಭಾನುವಾರ ಎಷ್ಟು ಜನ ಇದ್ರು?”

“ಮಳೆ ಇತ್ತು” ಎಂದೆ.

“ಮಳೆ ಇಲ್ಲದ ಭಾನುವಾರ?”

ಸುಳ್ಳು ಹೇಳಬಹುದಿತ್ತು. ಎರಡು ಬೆಂಚು ಎಂದೆ. ಕೋಣೆಯಲ್ಲಿ ಯಾರೋ ನಕ್ಕರು.

“ಆ ಎರಡು ಬೆಂಚಲ್ಲಿ ಟ್ಯಾನರ್ ಬೀದಿಯೋರು ಎಷ್ಟು ಜನ?”

ಯಾರೂ ಇಲ್ಲ ಎಂದೆ.

“ಹಾಗಾದ್ರೆ ತಾವು ಯಾರಿಗೆ ಪಾದ್ರಿ, ಸ್ವಾಮಿ?”

ಉತ್ತರಕ್ಕೆ ಕಾಯದೆ ಅವರು ಕೂತರು. ನಾನು ನಿಂತೇ ಇದ್ದೆ. ಗುಮಾಸ್ತನೊಬ್ಬ ಬಂದು ತೋಳು ಮುಟ್ಟಿ ದಾರಿ ತೋರಿಸಿದ. ನಿಜ ಹೇಳಿ ಅವರ ಮನೆಗಳನ್ನು ನಾನೇ ಕೆಡವಿದೆ.

ಮೇ 4

ಸಮಿತಿ ಹಳಿಗೆ ಒಪ್ಪಿದೆ ಎಂದು ಊರಿಗೆ ಬಂದ ಮೇಲೆ ಮಾರ್ಜರಿಗೆ ತಿಳಿಸಿದೆ. ಅವಳು ಅಳಲಿಲ್ಲ. ಆ ವಕೀಲ ಕೇಳಿದ ಪ್ರಶ್ನೆ ಏನೆಂದು ವಿಚಾರಿಸಿದಳು. ಹೇಳಿದೆ.

“ನನ್ನ ಕರ್ಕೊಂಡು ಹೋಗ್ಬೇಕಿತ್ತು ನೀವು” ಎಂದಳು. “ನಾನು ಪ್ರತಿ ವಾರ ಬರ್ತೀನಿ ಅಂತ ಹೇಳ್ತಿದ್ದೆ. ಒಳಗೆ ಬರ್ತೀಯಾ ಅಂತ ಅವ್ನು ಕೇಳ್ದಿದ್ರೆ ಆಯ್ತಪ್ಪ.”

ಆಮೇಲೆ ಒಂದೇ ಒಂದನ್ನು ಬೇಡಿದಳು. ಅಗೆಯುವ ದಿನ ಬೇಲಿ ಹಾಕುತ್ತಾರೆ, ನಮ್ಮನ್ನು ಒಳಗೆ ಬಿಡುವುದಿಲ್ಲ. ನೀವು ಪಾದ್ರಿ, ನಿಮ್ಮನ್ನು ತಡೆಯುವುದಿಲ್ಲ. ನ್ಯಾನಳನ್ನು ಎತ್ತುವಾಗ ನೀವು ಇರಬೇಕು, ಎಲ್ಲಿ ಇಟ್ಟರೆಂದು ನನಗೆ ಹೇಳಬೇಕು. ಅವಳ ಕೈ ಹಿಡಿದು ಮಾತು ಕೊಟ್ಟೆ. ಕೊನೆಯ ಗೋರಿ ಎತ್ತುವವರೆಗೆ ಅಲ್ಲಿಂದ ಕದಲುವುದಿಲ್ಲ. ಬೇರೆ ಏನೂ ಉಳಿಸಲಾಗದವನು ಇಷ್ಟಾದರೂ ಮಾಡಲಾರೆನೇ.

ಜುಲೈ 19

ಬ್ಯಾಂಕ್ರಾಫ್ಟ್ ಊಟಕ್ಕೆ ಕರೆದಿದ್ದರು. ಆಶ್‌ಫೀಲ್ಡಿನಲ್ಲಿ ಹೊಸ ಚರ್ಚಿನ ಗೋಡೆ ಎದ್ದು ಹಣವಿಲ್ಲದೆ ನಿಂತಿದೆ. ಕಂಪನಿ ನಮ್ಮ ಚರ್ಚಿಗೆ ಕೊಡುವ ಪರಿಹಾರವನ್ನು ಅದಕ್ಕೆ ಹಾಕಿ, ಸಂತ ಓಲಾವ್ ಎಂಬ ಹೆಸರನ್ನೇ ಅಲ್ಲಿಗೆ ಒಯ್ದರೆ ಹೇಗೆ? ಬಿಷಪ್ಪರೂ ಒಪ್ಪಿದ್ದಾರೆ, ಪಾದ್ರಿಯಾಗಿ ನೀವೇ ಇರಬೇಕು ಎಂದರು. ಊರೊಳಗಿನ ಸಭೆಯನ್ನು ಪಕ್ಕದ ಪಾದ್ರಿ ನೋಡಿಕೊಳ್ಳುತ್ತಾರಂತೆ.

ಎರಡು ಬೆಂಚಿನ ಸಭೆ ಎಂದು ಅವರು ಹೇಳಲಿಲ್ಲ. ಸಂಭಾವಿತರು.

ಯೋಚಿಸುತ್ತೇನೆ ಎಂದೆ. ಊಟ ಮುಗಿಯುವವರೆಗೂ ಫೀಬಿ ಅವರ ಹುಲ್ಲುಹಾಸಿನ ಮೇಲೆ ನಾಯಿಯ ಹಿಂದೆ ಓಡುತ್ತಿದ್ದಳು. ಒಮ್ಮೆಯೂ ಕೆಮ್ಮಲಿಲ್ಲ.

ಆಗಸ್ಟ್ 2

ಒಪ್ಪಿಕೊಂಡೆ. ಅಲ್ಲಿಂದಲೇ ಬೀದಿಯವರಿಗೆ ಹೆಚ್ಚು ಸಹಾಯ ಮಾಡಬಹುದು. ಉಳ್ಳವರ ಕಿವಿ ಹತ್ತಿರವಿದ್ದರೆ ಇಲ್ಲದವರಿಗೆ ಲಾಭವೇ. ಮಾರ್ಜರಿಗೆ ನಿಧಾನವಾಗಿ ಹೇಳಬೇಕು.

ಅಕ್ಟೋಬರ್ 11

ಟ್ಯಾನರ್ ಬೀದಿ ಖಾಲಿಯಾಗುತ್ತಿದೆ. ತಳ್ಳುಗಾಡಿಯ ಮೇಲೆ ಹಾಸಿಗೆ, ಕೆಟಲು, ಅಜ್ಜಿ, ಎಲ್ಲ ಒಟ್ಟಿಗೆ. ಮಾರ್ಜರಿ ಕಾಲುವೆಯ ಬಳಿಯ ನೆಲಮಾಳಿಗೆಯೊಂದರಲ್ಲಿ ಅರ್ಧ ಕೋಣೆ ಹಿಡಿದಿದ್ದಾಳೆ. ಗೋಡೆಯಲ್ಲಿ ನೀರು ಒಸರುತ್ತದೆ. ನಾನು ಹೋದಾಗ ಕೂರಲು ಬಕೆಟ್ಟನ್ನು ಮಗುಚಿ ಹಾಕಿ, “ಇದಕ್ಕೆ ಬೀಗ ಇಲ್ಲ, ಕೂತ್ಕಳಿ ಅಯ್ನೋರೇ” ಎಂದಳು. ಆಶ್‌ಫೀಲ್ಡಿನ ವಿಷಯ ಹೇಳಿದೆ. ಮಗುವಿನ ಎದೆಗೆ ಒಳ್ಳೆಯದಾಗುತ್ತದೆ ಎಂದಳು.

ನವೆಂಬರ್ 5

ಅಗೆತ ಆರಂಭವಾಯಿತು. ಸುತ್ತ ಹಲಗೆಯ ಬೇಲಿ, ಆಚೆ ಜನ. ಮೇಸ್ತ್ರಿ ನನ್ನ ಮೇಲೆ ದಯೆಯಿಟ್ಟು ಎಲ್ಲಕ್ಕಿಂತ ಮೊದಲು ಗೈಲ್ಸನನ್ನು ಎತ್ತಿಸಿದ. ಹೊಸ ಪೆಟ್ಟಿಗೆ ಸಿದ್ಧವಾಗಿತ್ತು; ಮಧ್ಯಾಹ್ನದ ಹೊತ್ತಿಗೆ ಆಶ್‌ಫೀಲ್ಡಿನಲ್ಲಿ ಲಿಂಡನ್ ಮರದ ಕೆಳಗೆ ಮಲಗಿಸಿ ಬಂದೆವು.

ಹಿಂತಿರುಗಿ ಬಂದರೆ ಬಡವರ ಭಾಗ ಅಗೆಯುತ್ತಿದ್ದರು. ಅಲ್ಲಿ ಪೆಟ್ಟಿಗೆಗಳೇ ಉಳಿದಿಲ್ಲ. ಒಂದರ ಮೇಲೊಂದು, ಯಾರದು ಯಾರದೆಂದು ಹೇಳಲಾರದಂತೆ. ಡಾಂಬರು ಬಳಿದ ಉದ್ದನೆಯ ಪೆಟ್ಟಿಗೆಗಳಿಗೆ ಸನಿಕೆಯಿಂದಲೇ ತುಂಬುತ್ತಿದ್ದರು. ವಾಸನೆಗೆ ಗೋಡೆ ಹಿಡಿದು ವಾಂತಿ ಮಾಡಿದೆ. ಹಲಗೆಗಳ ಸಂದಿನಿಂದ ಮಾರ್ಜರಿಯ ದನಿ ಬಂತು. “ಅಯ್ನೋರೇ, ಇದೀರಾ?”

ಇದ್ದೇನೆ ಎಂದೆ.

ನವೆಂಬರ್ 6

ಮೈ ಬೆಚ್ಚಗಿದೆ. ಲವಿನಿಯಾ ಹೊರಗೆ ಬಿಡಲಿಲ್ಲ. ಸಾಮಾನು ಕಟ್ಟುವುದೂ ಬಹಳವಿದೆ.

ನವೆಂಬರ್ 8

ಇವತ್ತೂ ಹೋಗಲಾಗಲಿಲ್ಲ. ಮೇಸ್ತ್ರಿ ಒಳ್ಳೆಯ ಮನುಷ್ಯ, ಗೌರವದಿಂದಲೇ ನೋಡಿಕೊಳ್ಳುತ್ತಾನೆ.

ನವೆಂಬರ್ 13, ಆಶ್‌ಫೀಲ್ಡ್

ಹೊಸ ಮನೆ. ಬೆಳಿಗ್ಗೆ ಕಿಟಕಿ ತೆರೆದರೆ ಪರದೆಯ ಮೇಲೆ ಮಸಿಯಿಲ್ಲ. ಫೀಬಿ ಮಂಜು ಎಂದರೆ ಬಿಳಿಯಾಗಿರುತ್ತದೆಯೇ ಎಂದು ಕೇಳಿದಳು.

ಮೇ 12, 1867, ಭಾನುವಾರ

ಹೊಸ ಸಂತ ಓಲಾವ್ ಚರ್ಚಿನ ಪ್ರತಿಷ್ಠೆ. ಬಿಷಪ್ಪರು ಬಂದಿದ್ದರು. ಬೆಂಚುಗಳು ತುಂಬಿ, ಹಳೆಯ ಮುಖಗಳೆಲ್ಲ ಹಳೆಯ ಕ್ರಮದಲ್ಲೇ ಕೂತಿದ್ದವು. ಹಿತ್ತಾಳೆ ಪಟ್ಟಿಗಳನ್ನೂ ಅಲ್ಲಿಂದಲೇ ತಂದು ಜಡಿದಿದ್ದಾರೆ. ಪೀಠ ಹತ್ತಿದಾಗ ಈ ಎರಡು ವರ್ಷ ನಡೆದೇ ಇರಲಿಲ್ಲ ಎಂಬಂತೆ ಇತ್ತು. ಪ್ರಸಂಗ ಚೆನ್ನಾಗಿತ್ತೆಂದು ಬ್ಯಾಂಕ್ರಾಫ್ಟರ ಹೆಂಡತಿ ಹೇಳಿದರು. ಊರೊಳಗಿನ ಬಡವರಿಗಾಗಿ ಒಂದು ಕಂಬಳಿ ನಿಧಿ ಮಾಡಬೇಕೆಂದಿದ್ದೇನೆ. ಚಳಿಗಾಲ ಹತ್ತಿರ ಬರಲಿ.

ಜೂನ್ 16, ಭಾನುವಾರ

ಆರಾಧನೆಯ ಮಧ್ಯದಲ್ಲಿ ಮರದ ಜೋಡಿನ ಸದ್ದು ಕೇಳಿ ಜನ ತಿರುಗಿ ನೋಡಿದರು. ಆ ನೇಕಾರ ಹೆಂಗಸು, ಆಗ್ಡನ್. ಊರಿನಿಂದ ಅಷ್ಟು ದೂರ ನಡೆದೇ ಬಂದಿದ್ದಾಳೆ. ಚರ್ಚಿನ ಆಳು ಅವಳನ್ನು ಬಾಗಿಲ ಬಳಿಯ ಉಚಿತ ಬೆಂಚಿನಲ್ಲಿ ಕೂರಿಸಿದ. ಬಹಳ ಇಳಿದುಹೋಗಿದ್ದಾಳೆ, ಕೆಮ್ಮು ಬೇರೆ. ಆ ಕೆಮ್ಮಿಗೆ ಲವಿನಿಯಾ ಫೀಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಎಲ್ಲರೂ ಹೋದ ಮೇಲೆ ಹೊರಗೆ ಕಾದಿದ್ದಳು. ಗೈಲ್ಸನ ಕಲ್ಲಿನ ಮುಂದೆ ನಿಂತು, “ನಿಮ್ ಮಗೂಗೆ ನೆರಳು ಚೆನ್ನಾಗಿದೆ” ಎಂದಳು. ಆಮೇಲೆ ಕೇಳಿದಳು. ಬಡವರ ಭಾಗದಿಂದ ಎತ್ತಿದ್ದನ್ನೆಲ್ಲ ಹೊಸ ಸ್ಮಶಾನಕ್ಕೆ ಸಾಗಿಸಿದರೆಂದು ಅವಳಿಗೆ ಗೊತ್ತಂತೆ. ಅಲ್ಲಿ ಕಾಯುವವನು ಏನೂ ಹೇಳುವುದಿಲ್ಲವಂತೆ. ಚಳಿಗಾಲದ ಕೆಮ್ಮಿನಲ್ಲಿ ಅಷ್ಟು ದೂರ ನಡೆಯಲಾರದೆ ಇಷ್ಟು ದಿನ ಬರಲಾಗಲಿಲ್ಲವಂತೆ.

“ಯಾವ ಕಡೆ ಇಟ್ರು, ಅಯ್ನೋರೇ? ನೀವು ನೋಡಿದ್ರಲ್ಲ.”

“ಪೂರ್ವದ ಗೋಡೆ ಪಕ್ಕ” ಎಂದೆ.

ಹೇಗೆ ಬಾಯಿಗೆ ಬಂತೋ. ಪೂರ್ವ ಒಳ್ಳೆಯ ದಿಕ್ಕು.

“ಒಂಟಿಯಾಗಾ? ಎಲ್ಲರ ಜತೇಲಾ?”

ಒಂದು ಚಿಕ್ಕ ಪೆಟ್ಟಿಗೆಯಲ್ಲಿ, ಬೇರೆಯಾಗಿ ಎಂದೆ. ನಾನು ಪ್ರಾರ್ಥನೆ ಹೇಳಿದೆ ಎಂದೂ ಸೇರಿಸಿದೆ. ಅವಳು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಒಳಗೆ ಬಂದು ಟೀ ಕುಡಿ ಎಂದರೆ ದಾರಿ ದೂರ ಎಂದು ಹೊರಟುಬಿಟ್ಟಳು. ಸಮಾಧಾನದಿಂದ ಹೋದಳು. ಒಂದು ಮಾತಿನಿಂದ ಒಂದು ಜೀವಕ್ಕೆ ನೆಮ್ಮದಿಯಾಗುವುದಾದರೆ ಅದರಲ್ಲಿ ಪಾಪವೇನು?

ಮಧ್ಯಾಹ್ನದ ಊಟ ಸೇರಲಿಲ್ಲ. ಮಾಂಸ ಸರಿಯಾಗಿ ಬೆಂದಿರಲಿಲ್ಲ.

ಜುಲೈ 30

ಸ್ಮಶಾನ ಕಾಯುವ ಟೆಟ್ಲೋ ಎಂಬಾತ ನನ್ನನ್ನು ಹುಡುಕಿಕೊಂಡು ಬಂದ. ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ ನಿಂತು ವಿಷಯ ಹೇಳಿದ. ಶನಿವಾರ ಗಿರಣಿ ಬೇಗ ಬಿಡುತ್ತಲೇ ಹೆಂಗಸರು ಪೂರ್ವದ ಗೋಡೆಯ ಬಳಿ ಬಂದು ಕೂರುತ್ತಾರಂತೆ. ಮೊದಲು ಒಬ್ಬಳೇ ಬರುತ್ತಿದ್ದಳು, ಈಗ ವಾರ ವಾರ ಹೆಚ್ಚುತ್ತಿದ್ದಾರೆ.

“ಅಲ್ಲಿ ಯಾರೂ ಇಲ್ಲ ಸ್ವಾಮಿ. ಆ ಕಡೆ ಬರೀ ಬಂಡೆ, ಗುದ್ದಲಿ ಇಳಿಯಲ್ಲ. ನಿಮ್ಮ ಚರ್ಚಿಂದ ಬಂದಿದ್ದನ್ನೆಲ್ಲ ಕೆಳಗೆ ಹಳ್ಳದ ಹತ್ರ ಒಂದೇ ಗುಂಡಿಗೆ ಹಾಕಿದ್ವಿ. ಪಾದ್ರಿಗಳೇ ಹೇಳಿದ್ರು ಅಂತಾರೆ. ಏನ್ ಮಾಡ್ಲಿ?”

“ಕೂತಿರಲಿ ಬಿಡು” ಎಂದೆ.

ಆತ ನನ್ನ ಮುಖ ನೋಡಿ, ಆಗಲಿ ಎಂದು ಹೋದ.

ಆಗಸ್ಟ್ 6

ನಿದ್ದೆ ಸರಿಯಾಗಿಲ್ಲ. ಸೆಖೆ ಹೆಚ್ಚಾಗಿದೆ.

ಆಗಸ್ಟ್ 10, ಶನಿವಾರ

ಹೋಗಿ ನಿಜ ಹೇಳಿಬಿಡುವುದೆಂದು ತೀರ್ಮಾನಿಸಿ ಊಟವಾದ ಮೇಲೆ ಹೊರಟೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡೆ. ಕುದುರೆ ಗಾಡಿ ನಮ್ಮ ಹಳೆಯ ಬೀದಿಯ ದಾರಿಯಲ್ಲೇ ಹೋಗಬೇಕು. ಬೀದಿಯಿಲ್ಲ, ಕಮಾನುಗಳಿವೆ. ಅವುಗಳ ಕೆಳಗೆ ಯಾರೋ ಕಲ್ಲಿದ್ದಲು ಮಾರುತ್ತಿದ್ದರು. ಚರ್ಚು ಎಲ್ಲಿತ್ತೆಂದು ನನಗೇ ಅಂದಾಜು ಸಿಗಲಿಲ್ಲ.

ಸ್ಮಶಾನದ ಗೇಟಿನಿಂದಲೇ ಅವರು ಕಂಡರು. ಪೂರ್ವದ ಗೋಡೆಯ ಉದ್ದಕ್ಕೂ ಕೂತಿದ್ದರು. ಟ್ಯಾನರ್ ಬೀದಿಯವರೇ. ಊರಿನ ಯಾವ ಯಾವ ಮೂಲೆಗೋ ಚದುರಿಹೋದವರು, ಗಂಡಸರೂ ಇದ್ದರು, ಮಕ್ಕಳೂ ಇದ್ದರು. ಬಂಡೆಯ ಮೇಲೆ ಎಲ್ಲಿಂದಲೋ ಮಣ್ಣು ತಂದು ಸುರಿದು ಸಣ್ಣ ಸಣ್ಣ ದಿಬ್ಬ ಮಾಡಿದ್ದರು. ಒಬ್ಬೊಬ್ಬರಿಗೂ ಒಂದೊಂದು. ರೊಟ್ಟಿ ಹಂಚಿಕೊಂಡು ತಿನ್ನುತ್ತ, ಯಾರಿಗೆ ಎಲ್ಲಿ ಕೋಣೆ ಸಿಕ್ಕಿತು, ಯಾರು ಹೆತ್ತರು, ಯಾರು ಸತ್ತರು ಎಂದು ಮಾತಾಡಿಕೊಳ್ಳುತ್ತಿದ್ದರು.

ಮಾರ್ಜರಿ ಗೋಡೆಗೆ ಒರಗಿ ಶಾಲು ಹೊದ್ದು ಕೂತಿದ್ದಳು. ಈಗ ಅವಳನ್ನು ಎತ್ತಿ ನಡೆಸಿಕೊಂಡು ಬರಬೇಕಂತೆ. ನನ್ನನ್ನು ಕಂಡು ಎಲ್ಲರೂ ಎದ್ದು ನಿಂತರು. ಅವಳು ಕೂತಲ್ಲಿಂದಲೇ ಪಕ್ಕದವಳಿಗೆ, “ನಾನ್ ಹೇಳ್ಲಿಲ್ವಾ, ಬರ್ತಾರೆ ಅಂತ” ಎಂದಳು. ಆಮೇಲೆ ನನಗೆ, “ಹನ್ನಾಳ ಗಂಡನೂ ಇಲ್ಲೇ ಎಲ್ಲೋ ಇರ್ಬೇಕಲ್ವಾ ಅಯ್ನೋರೇ? ನ್ಯಾನ್ ಪಕ್ಕದಲ್ಲೇ ಇದ್ದ ಅವ್ನು” ಎಂದು ಕೇಳಿದಳು. ಹನ್ನಾ ಎಂಬವಳು ನನ್ನ ಬಾಯನ್ನೇ ನೋಡುತ್ತಿದ್ದಳು.

ಹೌದು ಎಂದೆ.

ಒಂದು ಪ್ರಾರ್ಥನೆ ಹೇಳಿ ಎಂದರು. ಪುಸ್ತಕ ತಂದಿರಲಿಲ್ಲ. ಮಣ್ಣಿಗೆ ಮಣ್ಣು, ಬೂದಿಗೆ ಬೂದಿ ಎಂಬುದನ್ನು ಬಾಯಿಪಾಠದಿಂದಲೇ ಹೇಳಿದೆ. ಗಂಡಸರು ಟೊಪ್ಪಿಗೆ ತೆಗೆದರು. ಬಸುರಿಯರು, ಮುದುಕರು, ಕೂಸುಗಳನ್ನು ಎತ್ತಿಕೊಂಡವರು ಗೋಡೆಯ ಆ ತುದಿಯಿಂದ ಈ ತುದಿಯವರೆಗೆ ತಲೆ ಬಾಗಿಸಿದರು. ಅವರೆಲ್ಲರ ಆಮೆನ್ ಒಟ್ಟಿಗೆ ಎದ್ದಾಗ ಮೈ ಜುಮ್ಮೆಂದಿತು. ಇಷ್ಟು ವರ್ಷದ ಪಾದ್ರಿತನದಲ್ಲಿ ನಾನು ಕೇಳಿದ ಆಮೆನ್‌ಗಳಲ್ಲೆಲ್ಲ ದೊಡ್ಡದು ಅದು. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಅವರೂ ನೋಡಿದರು. ನೋಡಿ ಇನ್ನಷ್ಟು ನಂಬಿದರು.

ನಿಜ ಹೇಳಲು ಸರಿಯಾದ ಹೊತ್ತು ಸಿಗಲಿಲ್ಲ.

ಹೊರಟಾಗ ಮಾರ್ಜರಿ ಕೋಟಿನ ಅಂಚು ಹಿಡಿದಳು. ಬೆರಳುಗಳಲ್ಲಿ ಬಲವೇ ಇರಲಿಲ್ಲ. ನನ್ನನ್ನೂ ಇಲ್ಲೇ ಇಡಿಸಿ, ನಿಮ್ಮ ಮಾತನ್ನು ಟೆಟ್ಲೋ ಕೇಳುತ್ತಾನೆ ಎಂದಳು. ಆಗಲಿ ಎಂದೆ.

“ಬರೋ ಶನಿವಾರನೂ ಬರ್ತೀರಾ, ಅಯ್ನೋರೇ?”

ಬರುತ್ತೇನೆ ಎಂದೆ.